ಮಡಚುವ ಚಾವಣಿಯ ಬೆಲೆ: ಅಪರೂಪದ ಕನ್ವರ್ಟಿಬಲ್ ಕಾರುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು?

23 ಮತ್ತು 27. ಅಮೆರಿಕದ ಪ್ಲಿಮತ್ ಕಂಪನಿಯ 1971ರ ಬರಾಕುಡಾ ಕಾರಿನ ಗುರುತಿನ ಸಂಖ್ಯೆಯಲ್ಲಿ ಮೂರು ಮತ್ತು ನಾಲ್ಕನೆಯ ಸ್ಥಾನದಲ್ಲಿ ಬರುವ ಅಂಕಿಗಳಿವು. 23 ಎಂದಿದ್ದರೆ ಅದು ಗಟ್ಟಿ ಚಾವಣಿಯ ಕಾರು. 27 ಎಂದಿದ್ದರೆ ಬಟ್ಟೆಯ ಚಾವಣಿಯನ್ನು ಹಿಂದಕ್ಕೆ ಮಡಚಿಡಬಹುದಾದ ಕನ್ವರ್ಟಿಬಲ್. ಮುಂದಿನ ಸ್ಥಾನದಲ್ಲಿ 'ಆರ್' ಅಕ್ಷರವಿದ್ದರೆ ಕಾರಿನೊಳಗೆ 426 ಘನ ಅಂಗುಲದ 'ಹೆಮಿ' ಎಂಜಿನ್ ಇತ್ತೆಂದು ಅರ್ಥ. 27 ಮತ್ತು ಆರ್ ಎರಡೂ ಒಂದೇ ಸಂಖ್ಯೆಯಲ್ಲಿ ಕೂಡಿ ಬಂದ ಕಾರುಗಳು 1971ರಲ್ಲಿ ತಯಾರಾದದ್ದು, ಹೆಚ್ಚಿನವರು ಒಪ್ಪುವ ಲೆಕ್ಕದಂತೆ, ಕೇವಲ ಹನ್ನೊಂದು.

ಅವುಗಳಲ್ಲಿ ಒಂದು 2014ರ ಜೂನ್‌ನಲ್ಲಿ ಸಿಯಾಟಲ್ ನಗರದ ಮೀಕಮ್ ಹರಾಜಿನಲ್ಲಿ 35 ಲಕ್ಷ ಡಾಲರ್‌ಗೆ, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 21 ಕೋಟಿ ರೂಪಾಯಿಗೆ ಮಾರಾಟವಾಯಿತು. 2021ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಇಂಥದೇ ಇನ್ನೊಂದು ಕಾರಿಗೆ 48 ಲಕ್ಷ ಡಾಲರ್‌ವರೆಗೆ ಕೂಗು ಬಂದರೂ ಒಡೆಯ ಕೊಡಲು ಒಪ್ಪಲಿಲ್ಲ. ಹೊಸದಾಗಿದ್ದಾಗ ಇದೇ ಮಾದರಿಯ ಮೂಲ ಬೆಲೆ ಮೂರೂವರೆ ಸಾವಿರ ಡಾಲರ್ ಆಸುಪಾಸಿನಲ್ಲಿತ್ತು; ಹೆಮಿ ಎಂಜಿನ್ನಿಗೆ ಇನ್ನೂ ಎಂಟುನೂರು ಡಾಲರ್‌ಗೂ ಹೆಚ್ಚು ತೆರಬೇಕಿತ್ತು.

ಒಂದು ಅಂಕಿ ಇಷ್ಟು ಬೆಲೆ ಬಾಳುವ ಕಡೆ ಆ ಅಂಕಿಯನ್ನು ತಿದ್ದುವವರೂ ಇರುತ್ತಾರೆ. ಹಳೆಯ ಸ್ಪೋರ್ಟ್ಸ್ ಕಾರು ಮತ್ತು ಮಸಲ್ ಕಾರುಗಳ ಪೇಟೆಯಲ್ಲಿ ಕನ್ವರ್ಟಿಬಲ್‌ಗಳಷ್ಟು ಅನುಮಾನಕ್ಕೆ ಗುರಿಯಾದ ವರ್ಗ ಮತ್ತೊಂದಿಲ್ಲ. ಕಾರಣ ಸರಳ. ಕಾರಿಗೆ ಏನನ್ನಾದರೂ ಸೇರಿಸುವುದು ಕಷ್ಟ, ತೆಗೆಯುವುದು ಸುಲಭ. ಚಾವಣಿಯನ್ನು ಗರಗಸದಿಂದ ತೆಗೆಯಬಹುದು.

ಅಂದು ಬೇಡವಾದದ್ದು ಇಂದು ಅಪರೂಪ

ಈ ಕಾರುಗಳು ವಿರಳವಾದದ್ದು ಕಂಪನಿಗಳ ಯೋಜನೆಯಿಂದಲ್ಲ, ಕೊಳ್ಳುವವರಿಲ್ಲದೆ. 1960ರ ದಶಕದ ಕೊನೆಯಲ್ಲಿ ಸಾಮಾನ್ಯ ಗಾತ್ರದ ಕಾರಿನೊಳಗೆ ಭಾರೀ ಎಂಜಿನ್ ಕೂಡಿಸಿದ ಮಸಲ್ ಕಾರುಗಳನ್ನು ಅಮೆರಿಕದ ಯುವಕರು ಮುಗಿಬಿದ್ದು ಕೊಂಡರು. ಆದರೆ ವೇಗವನ್ನೇ ಬಯಸಿದವರಿಗೆ ಗಟ್ಟಿ ಚಾವಣಿಯ ಕಾರೇ ಇಷ್ಟ: ತೂಕ ಕಡಿಮೆ, ಬೆಲೆಯೂ ಕಡಿಮೆ. ಬಿಸಿಲು ಗಾಳಿಗಳನ್ನು ಬಯಸಿ ಕನ್ವರ್ಟಿಬಲ್ ಕೊಳ್ಳುತ್ತಿದ್ದವರಿಗೆ ಪಂದ್ಯದ ಎಂಜಿನ್ನಿನ ಒರಟುತನ ಬೇಕಿರಲಿಲ್ಲ. ಎರಡನ್ನೂ ಒಟ್ಟಿಗೆ ಕೇಳಿದವರು ಬೆರಳೆಣಿಕೆಯವರು.

ಅದರ ಮೇಲೆ ವಿಮಾ ಕಂಪನಿಗಳು ಹೆಚ್ಚಿನ ಅಶ್ವಶಕ್ತಿಯ ಕಾರುಗಳ ಕಂತು ಏರಿಸಿದವು. ಮಗುಚಿದ ಕಾರಿನ ಚಾವಣಿ ಇಷ್ಟು ಭಾರ ತಾಳಲೇಬೇಕೆಂಬ ನಿಯಮ ಬಂದೀತೆಂಬ ಭಯ ಕಂಪನಿಗಳನ್ನು ಕಾಡಿತು. ಕ್ರೈಸ್ಲರ್ 1971ಕ್ಕೆ, ಫೋರ್ಡ್ ಮಸ್ಟಾಂಗ್ 1973ಕ್ಕೆ ಕನ್ವರ್ಟಿಬಲ್ ನಿಲ್ಲಿಸಿದವು. ಕ್ಯಾಡಿಲ್ಯಾಕ್ ಕಂಪನಿ 1976ರ ಎಲ್ಡೊರಾಡೊವನ್ನು ಅಮೆರಿಕದ ಕಟ್ಟಕಡೆಯ ಕನ್ವರ್ಟಿಬಲ್ ಎಂದು ಸಾರಿ ಮಾರಿತು. ಕೆಲವೇ ವರ್ಷಗಳಲ್ಲಿ ಈ ಬಗೆಯ ಕಾರು ಮರಳಿ ಬಂತು, ಕ್ಯಾಡಿಲ್ಯಾಕ್‌ನದೂ ಬಂತು ಎಂಬುದು ಬೇರೆ ಮಾತು.

ಪಾಂಟಿಯಾಕ್ ಕಂಪನಿಯ 'ಜಿಟಿಒ ಜಡ್ಜ್' ಈ ಇಳಿತದ ಸ್ಪಷ್ಟ ಚಿತ್ರ ಕೊಡುತ್ತದೆ. 1969ರಲ್ಲಿ 108, 1970ರಲ್ಲಿ 168 ಜಡ್ಜ್ ಕನ್ವರ್ಟಿಬಲ್‌ಗಳು ತಯಾರಾದವು. 1971ರಲ್ಲಿ 17 ಮಾತ್ರ.

ವಂಚನೆಯ ಮೂರು ದಾರಿ

ನಕಲಿ ಕನ್ವರ್ಟಿಬಲ್ ಎಂದರೆ ಚಾವಣಿ ಕತ್ತರಿಸಿದ ಕಾರು ಎಂಬುದು ಸಾಮಾನ್ಯ ಗ್ರಹಿಕೆ. ವಾಸ್ತವದಲ್ಲಿ ಅದು ಮೂರು ದಾರಿಗಳಲ್ಲಿ ಒಂದು, ಮತ್ತು ಬಹುಶಃ ಎಲ್ಲಕ್ಕಿಂತ ಒರಟಾದದ್ದು.

ಎರಡನೆಯದು ಹೆಚ್ಚು ಜಾಣತನದ್ದು. ಷೆವರ್ಲೆ ಕಂಪನಿಯ 1970ರ ಷೆವೆಲ್ ಕಾರನ್ನು ನೋಡಬಹುದು. ಅದರ ಗುರುತಿನ ಸಂಖ್ಯೆ 13667 ಎಂದು ಆರಂಭವಾದರೆ ಅದು ನಿಜಕ್ಕೂ ಕಾರ್ಖಾನೆಯಿಂದಲೇ ಕನ್ವರ್ಟಿಬಲ್ ಆಗಿ ಬಂದ ವಿ-8 ಎಂಜಿನ್ನಿನ ಮಾಲಿಬು. ಸಂಗ್ರಾಹಕರು ಹುಡುಕುವುದು 454 ಘನ ಅಂಗುಲದ 'ಎಲ್‌ಎಸ್6' ಎಂಜಿನ್ನಿನ ಎಸ್‌ಎಸ್ ಮಾದರಿಯನ್ನು. ಆದರೆ ಆ ವರ್ಷದ ಸಂಖ್ಯೆಯಲ್ಲಿ ಎಸ್‌ಎಸ್ ಎಂಬ ಸುಳಿವೇ ಇಲ್ಲ. ಸಾಧಾರಣ ಮಾಲಿಬು ಕನ್ವರ್ಟಿಬಲ್ ಒಂದನ್ನು ಕೊಂಡು, ದೊಡ್ಡ ಎಂಜಿನ್ ಕೂಡಿಸಿ, ಬಾನೆಟ್ ಮೇಲೆ ಪಟ್ಟೆ ಎಳೆದು, ಬಿಲ್ಲೆ ಅಂಟಿಸಿದರೆ ಸಂಖ್ಯೆಯನ್ನು ಮುಟ್ಟದೆಯೇ ಕಾರು ಬೇರೆಯದಾಗುತ್ತದೆ. ಇಲ್ಲಿ ಚಾವಣಿ ಅಸಲಿ, ಎಂಜಿನ್ ಸುಳ್ಳು. ಕಾರ್ವೆಟ್‌ನದೂ ಇದೇ ಕಥೆ. 1967ರ ಕಾರ್ವೆಟ್‌ನ ಸಂಖ್ಯೆ 19467 ಎಂದು ಆರಂಭವಾದರೆ ಕನ್ವರ್ಟಿಬಲ್, 19437 ಆದರೆ ಕೂಪೆ. ಆ ವರ್ಷ ಇಪ್ಪತ್ತೇ ಕಾರುಗಳಿಗೆ ಸಿಕ್ಕ 'ಎಲ್88' ಎಂಬ ಪಂದ್ಯದ ಎಂಜಿನ್ ಯಾವುದರಲ್ಲಿತ್ತೆಂದು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಎಂಜಿನ್ನಿನ ಮೇಲಿನ ಚಿಕ್ಕ ಸಮತಟ್ಟಾದ ಜಾಗದಲ್ಲಿ ಒತ್ತಿದ ಅಕ್ಷರಗಳು. ಅವನ್ನು ಉಜ್ಜಿ ಅಳಿಸಿ ಹೊಸದಾಗಿ ಒತ್ತುವುದು ದಶಕಗಳಿಂದ ನಡೆದುಬಂದಿದೆ. ಜನರಲ್ ಮೋಟಾರ್ಸ್ ತನ್ನ ಗುರುತಿನ ಸಂಖ್ಯೆಯಲ್ಲಿ ಎಂಜಿನ್ನಿನ ಸಂಕೇತವನ್ನು ಸೇರಿಸಿದ್ದು 1972ರಿಂದ. ಮಸಲ್ ಕಾರುಗಳ ಉತ್ತುಂಗ ಅಷ್ಟರಲ್ಲಿ ಮುಗಿದಿತ್ತು.

ಮೂರನೆಯದು ಇವೆರಡರ ತಿರುಗುಮುರುಗು. ತುಕ್ಕು ತಿಂದು ಹೋದ, ಇಲ್ಲವೇ ಅಪಘಾತದಲ್ಲಿ ನುಚ್ಚುನೂರಾದ ಅಸಲಿ ಕಾರಿನ ಸಂಖ್ಯಾ ಫಲಕ ಮತ್ತು ದಾಖಲೆಗಳನ್ನು ಕೊಂಡು ಅವನ್ನು ಆರೋಗ್ಯವಂತ ಬೇರೊಂದು ದೇಹಕ್ಕೆ ತೊಡಿಸುವುದು. ಕಾಗದ ನಿಜ, ಲೋಹ ಸುಳ್ಳು. ಪತ್ತೆಗೆ ಅತಿ ಕಷ್ಟವಾದದ್ದು ಇದೇ, ಏಕೆಂದರೆ ಸಂಖ್ಯೆಯನ್ನು ಪುಸ್ತಕದೊಡನೆ ಹೋಲಿಸುವವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇವುಗಳ ನಡುವೆ ತೀರ ಎಳಸಾದ ವಂಚನೆಯೂ ಇದೆ: ಎಂದೂ ತಯಾರಾಗದ ಕಾರನ್ನು ಮಾರುವುದು. 1960 ಮತ್ತು 70ರ ದಶಕದ ಡಾಡ್ಜ್ ಚಾರ್ಜರ್ ಕನ್ವರ್ಟಿಬಲ್ ರೂಪದಲ್ಲಿ ಮಾರುಕಟ್ಟೆಗೆ ಬರಲೇ ಇಲ್ಲ. ಮಸ್ಟಾಂಗ್‌ನ ಬಾಸ್ 302 ಮತ್ತು ಬಾಸ್ 429 ಕೂಡ ಗಟ್ಟಿ ಚಾವಣಿಯವೇ. ಕಮಾರೊ ಜಡ್/28 ಮಾದರಿಯ ಕನ್ವರ್ಟಿಬಲ್ 1968ರಲ್ಲಿ ತಯಾರಾದದ್ದು ಒಂದೇ ಒಂದು. ಅದೂ ಷೆವರ್ಲೆಯ ಅಂದಿನ ಮುಖ್ಯಸ್ಥ ಪೀಟ್ ಎಸ್ಟೆಸ್ ಅವರ ಬಳಕೆಗೆ. ಹಾಗಿರುವಾಗ ಈ ಹೆಸರುಗಳ ತೆರೆದ ಕಾರು ಕಣ್ಣಿಗೆ ಬಿದ್ದರೆ ಸಂಖ್ಯೆಯನ್ನು ಓದುವ ಶ್ರಮವೂ ಬೇಡ.

ಲೋಹ ಹೇಳುವ ಸಾಕ್ಷಿ

ಚಾವಣಿ ಎಂಬುದು ಮಳೆಗೆ ಮಾತ್ರ ಅಡ್ಡವಲ್ಲ. ಪ್ರತ್ಯೇಕ ಚೌಕಟ್ಟಿಲ್ಲದ ಕಾರಿನಲ್ಲಿ ಅದು ದೇಹದ ಬಿಗಿತದ ಒಂದು ಭಾಗ. ರಟ್ಟಿನ ಪೆಟ್ಟಿಗೆಯ ಮುಚ್ಚಳ ಕಿತ್ತರೆ ಪೆಟ್ಟಿಗೆ ತಿರುಚಿಕೊಳ್ಳುವಂತೆ, ಚಾವಣಿ ಕಿತ್ತ ಕಾರೂ ತಿರುಚುತ್ತದೆ. ಆದ್ದರಿಂದ ಕಾರ್ಖಾನೆಗಳು ಕನ್ವರ್ಟಿಬಲ್‌ಗಳ ತಳಕ್ಕೆ ಹೆಚ್ಚುವರಿ ಬಲ ಕೊಟ್ಟವು. ಬಾಗಿಲ ಕೆಳಗಿನ ಅಡ್ಡತೊಲೆಯ ಒಳಗೆ ದಪ್ಪ ಉಕ್ಕಿನ ಪದರ, ಮುಂದಿನ ಆಸನಗಳ ಕೆಳಗೆ ಬಲಪಟ್ಟಿ, ಹಿಂದಿನ ಆಸನದ ಇಕ್ಕೆಲದಲ್ಲಿ ಚಾವಣಿಯ ಕೀಲುಗಳಿಗೆ ಬೆಸುಗೆ ಹಾಕಿದ ಆಧಾರಗಳು. ಮುಂಗಾಜಿನ ಚೌಕಟ್ಟು, ಬಾಗಿಲ ಗಾಜು, ಅದರ ಹಿಂದಿನ ಕಿರುಗಾಜು ಇವೆಲ್ಲ ಬೇರೆ.

ಕಮಾರೊದಲ್ಲಿ ಇನ್ನೂ ವಿಚಿತ್ರವಾದ ಸಾಕ್ಷಿ ಇದೆ. ತೆರೆದ ದೇಹದ ನಡುಕವನ್ನು ಅಡಗಿಸಲು 1967ರ ಕನ್ವರ್ಟಿಬಲ್‌ಗಳ ನಾಲ್ಕು ಮೂಲೆಗಳಲ್ಲಿ ಡಬ್ಬಿಯಂಥ ಭಾರಗಳನ್ನು ಕೂಡಿಸಿದ್ದರು. ಮೆಕ್ಯಾನಿಕ್‌ಗಳು ಅವಕ್ಕೆ 'ಕಾಕ್‌ಟೇಲ್ ಶೇಕರ್' ಎಂದೇ ಹೆಸರಿಟ್ಟರು. ಕೂಪೆಯನ್ನು ಕತ್ತರಿಸಿ ಕನ್ವರ್ಟಿಬಲ್ ಮಾಡುವವರು ಕಣ್ಣಿಗೆ ಕಾಣುವ ಚಾವಣಿ, ಗಾಜು, ಬಟ್ಟೆಗಳಿಗೆ ಹಣ ಸುರಿಯುತ್ತಾರೆ. ಬಂಪರಿನ ಹಿಂದೆ ಅಡಗಿರುವ ಡಬ್ಬಿಯನ್ನು ಮರೆಯುತ್ತಾರೆ.

ಲೋಹದ ಪರೀಕ್ಷೆಗೆ ಇನ್ನೊಂದು ನೆಲೆ ಗುಪ್ತ ಸಂಖ್ಯೆಗಳದು. ಕಂಪನಿಗಳು ಗುರುತಿನ ಸಂಖ್ಯೆಯ ಕೊನೆಯ ಭಾಗವನ್ನು ಡ್ಯಾಶ್‌ಬೋರ್ಡ್ ಫಲಕದ ಹೊರತಾಗಿ ದೇಹದ ಬೇರೆ ಕಡೆಗಳಲ್ಲೂ ಒತ್ತುತ್ತಿದ್ದವು. 1971ರ ಬರಾಕುಡಾದಲ್ಲಿ ಅದು ರೇಡಿಯೇಟರ್ ಹಿಡಿದ ಪಟ್ಟಿಯ ಮೇಲೆ ಮತ್ತು ಮುಂಗಾಜಿನ ಕೆಳಗಿನ ಲೋಹದ ಮೇಲೆ ಇರುತ್ತದೆ. ಕಮಾರೊದಲ್ಲಿ ಹೀಟರ್ ಪೆಟ್ಟಿಗೆಯನ್ನು ಬಿಚ್ಚಿದ ಮೇಲಷ್ಟೇ ಕಾಣುತ್ತದೆ. ಫಲಕ ಒಂದು ಹೇಳಿ ಲೋಹ ಇನ್ನೊಂದು ಹೇಳಿದರೆ ಮೂರನೆಯ ದಾರಿಯ ವಂಚನೆ ಅಲ್ಲಿಯೇ ಬಯಲಾಗುತ್ತದೆ.

ಇಟಲಿಯ ಗರಗಸ

ಚಾವಣಿ ಕತ್ತರಿಸುವ ಕಲೆ ಬಹಿರಂಗ ಉದ್ಯಮವಾಗಿ ಬೆಳೆದದ್ದು ಅಮೆರಿಕದ ಕಾರುಗಳಿಂದಲ್ಲ, ಫೆರಾರಿಯಿಂದ. 'ಡೇಟೋನಾ' ಎಂದು ಹೆಸರಾದ 365 ಜಿಟಿಬಿ/4 ಮಾದರಿಯ ಸುಮಾರು 1,400 ಕಾರುಗಳಲ್ಲಿ ಕಾರ್ಖಾನೆಯೇ ತೆರೆದ ಕಾರಾಗಿ ಕೊಟ್ಟದ್ದು 122. ತೆರೆದ 'ಸ್ಪೈಡರ್' ಕೂಪೆಗಿಂತ ಹೆಚ್ಚು ಬೆಲೆ ಪಡೆಯತೊಡಗಿದೊಡನೆ ಕ್ಯಾಲಿಫೋರ್ನಿಯಾದ ರಿಚರ್ಡ್ ಸ್ಟ್ರಾಮನ್ ಮೊದಲಾದವರ ಕಾರ್ಯಾಗಾರಗಳು ಕೂಪೆಗಳ ಚಾವಣಿ ತೆಗೆದುಕೊಡತೊಡಗಿದವು. ಇದರಲ್ಲಿ ಮುಚ್ಚುಮರೆ ಇರಲಿಲ್ಲ. ಒಡೆಯನೇ ಕೇಳಿ ಮಾಡಿಸಿಕೊಂಡದ್ದು. ಸಮಸ್ಯೆ ಹುಟ್ಟಿದ್ದು ಆ ಕಾರು ಎರಡನೆಯ, ಮೂರನೆಯ ಕೈಗೆ ಹೋದಾಗ, ಯಾರೋ ಒಬ್ಬರು ಹಿನ್ನೆಲೆ ಹೇಳುವುದನ್ನು ಬಿಟ್ಟಾಗ. ಇಂದು ಅಸಲಿ ಸ್ಪೈಡರ್ ಕೂಪೆಯ ಹಲವು ಪಟ್ಟು ಬೆಲೆ ಪಡೆಯುತ್ತದೆ, ಕತ್ತರಿಸಿದ ಕಾರಿಗೆ ಆ ಮರ್ಯಾದೆ ಇಲ್ಲ. ಅಂಥ ಕೆಲವಕ್ಕೆ ಮತ್ತೆ ಚಾವಣಿ ಬೆಸೆದು ಕೂಪೆ ಮಾಡಿರುವುದೂ ಉಂಟು. ಹಣ ಕೊಟ್ಟು ತೆಗೆಸಿದ್ದನ್ನು ಹಣ ಕೊಟ್ಟು ಹಾಕಿಸುವುದು!

ಡೇಟೋನಾದ ಖ್ಯಾತಿಗೆ ಕಾರಣವಾದ ಕಾರೇ ನಕಲಿ ಎಂಬುದು ಇನ್ನೊಂದು ತಮಾಷೆ. 1984ರಲ್ಲಿ ಆರಂಭವಾದ 'ಮಿಯಾಮಿ ವೈಸ್' ದೂರದರ್ಶನ ಧಾರಾವಾಹಿಯ ಕಪ್ಪು ಸ್ಪೈಡರ್, ಕಾರ್ವೆಟ್ ಚಾಸಿಸ್ ಮೇಲೆ ಕಟ್ಟಿದ ಪ್ರತಿಕೃತಿ. ಫೆರಾರಿ ಇಂಥ ಪ್ರತಿಕೃತಿ ತಯಾರಕರನ್ನು ನ್ಯಾಯಾಲಯಕ್ಕೆಳೆಯಿತು. 1991ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಡೇಟೋನಾ ಸ್ಪೈಡರ್ ಮತ್ತು ಟೆಸ್ಟರೋಸಾದ ಹೊರರೂಪವೇ ಕಂಪನಿಯ ರಕ್ಷಿತ ಗುರುತು ಎಂದು ಒಪ್ಪಿ ತಯಾರಕನ ವಿರುದ್ಧ ತೀರ್ಪು ನೀಡಿತು. ಕೊಳ್ಳುವವನಿಗೆ ನಕಲೆಂದು ಗೊತ್ತಿದ್ದರೂ ರಸ್ತೆಯಲ್ಲಿ ನೋಡುವವನು ಮೋಸಹೋಗುತ್ತಾನೆ ಎಂಬುದು ಆ ತೀರ್ಪಿನ ತರ್ಕ. ಗಮನಿಸಬೇಕಾದ ಸೂಕ್ಷ್ಮವೆಂದರೆ, ಈ ತರ್ಕ ಕಂಪನಿಯ ಹೆಸರನ್ನು ಕಾಯುತ್ತದೆ. ಹಳೆಯ ಕಾರು ಕೊಂಡವನ ಜೇಬನ್ನಲ್ಲ.

ಫೆರಾರಿಯ ಮೇಲ್ಮಟ್ಟದಲ್ಲಿ ಅಂಕಿಗಳು ಇನ್ನೂ ದಿಗಿಲು ಹುಟ್ಟಿಸುತ್ತವೆ. ಅಮೆರಿಕದ ವಿತರಕ ಲೂಯಿಜಿ ಕಿನೆಟ್ಟಿಯ ಒತ್ತಾಯದಿಂದ ಹುಟ್ಟಿದ 275 ಜಿಟಿಎಸ್/4 'ನಾರ್ಟ್ ಸ್ಪೈಡರ್' ತಯಾರಾದದ್ದು ಹತ್ತೇ. ಅವುಗಳಲ್ಲೊಂದು 2013ರ ಆಗಸ್ಟ್‌ನಲ್ಲಿ ಮಾಂಟೆರೆಯ ಹರಾಜಿನಲ್ಲಿ 2.75 ಕೋಟಿ ಡಾಲರ್ ತಂದಿತು. ಹತ್ತೇ ಇದ್ದಾಗ ಹತ್ತರ ಜಾತಕವೂ ಎಲ್ಲರಿಗೂ ಬಾಯಿಪಾಠ. ಹನ್ನೊಂದನೆಯದು ನುಸುಳುವುದು ಅಸಾಧ್ಯವೆನ್ನುವಷ್ಟು ಕಷ್ಟ. ಅಪಾಯ ಇರುವುದು ನೂರು, ಐನೂರು, ಸಾವಿರದ ಲೆಕ್ಕದಲ್ಲಿ ತಯಾರಾದ ಕಾರುಗಳಲ್ಲಿ. ಮರ್ಸಿಡಿಸ್‌ನ 280 ಎಸ್‌ಇ 3.5 ಕನ್ವರ್ಟಿಬಲ್ 1,232 ತಯಾರಾದವು. ಅದರ ಚಾಸಿಸ್ ಸಂಖ್ಯೆ 111.027 ಎಂದು ಆರಂಭವಾಗಬೇಕು, 111.026 ಎಂದಿದ್ದರೆ ಅದು ಕೂಪೆಯಾಗಿ ಹುಟ್ಟಿದ್ದು. ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್‌ನಲ್ಲೂ ತೆರೆದ ಕಾರಿಗೆ ಒಂದು ಸಂಖ್ಯಾಸರಣಿ, ಕೂಪೆಗೆ ಮತ್ತೊಂದು.

ಕಾಗದ ಉಳಿಸಿದವರು, ಎಸೆದವರು

ಇಷ್ಟೆಲ್ಲ ಸೂತ್ರಗಳು ಇಂದು ಯಾರಿಗೂ ರಹಸ್ಯವಲ್ಲ. ಕೊಳ್ಳುವವನು ಓದುವ ಪುಸ್ತಕವನ್ನೇ ನಕಲು ಮಾಡುವವನೂ ಓದುತ್ತಾನೆ. ಆದ್ದರಿಂದ ತೀರ್ಮಾನ ಕೊನೆಗೆ ಬಂದು ನಿಲ್ಲುವುದು ಮಾರಾಟಗಾರನ ಕೈಯಲ್ಲಿರದ ದಾಖಲೆಯ ಮೇಲೆ. ಇಲ್ಲಿಯೇ ಕಂಪನಿ ಕಂಪನಿಗಳ ನಡುವೆ ದೊಡ್ಡ ಅಸಮಾನತೆ ಇದೆ, ಮತ್ತು ಪೇಟೆಯ ಬಹುಪಾಲು ಜಗಳಗಳ ಬೇರು ಅದೇ.

ಫೋರ್ಡ್ 1967ರಿಂದಾಚೆಗಿನ ತನ್ನ ಉತ್ಪಾದನಾ ಮಾಹಿತಿಯನ್ನು ಉಳಿಸಿಕೊಂಡಿತು. ಅದರ ಆಧಾರದ ಮೇಲೆ ಸಿಗುವ 'ಮಾರ್ಟಿ ವರದಿ' ಯಾವ ಮಸ್ಟಾಂಗ್ ಯಾವ ಬಣ್ಣ, ಎಂಜಿನ್, ಚಾವಣಿಯೊಡನೆ ಹೊರಬಂತೆಂದು ಹೇಳುತ್ತದೆ. ಪಾಂಟಿಯಾಕ್‌ನ 1960ರ ದಶಕದ ಆರಂಭದಿಂದೀಚಿನ ದಾಖಲೆಗಳು ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಸಂಸ್ಥೆಯಲ್ಲಿ ಸುರಕ್ಷಿತ. ಹೀಗಾಗಿಯೇ ಜಡ್ಜ್ ಕನ್ವರ್ಟಿಬಲ್‌ಗಳ ಸಂಖ್ಯೆ ಬಿಡಿ ಅಂಕಿಯವರೆಗೆ ಗೊತ್ತು, ಸುಳ್ಳು ಜಡ್ಜ್ ಒಂದು ಪತ್ರವ್ಯವಹಾರದಲ್ಲಿ ಸಿಕ್ಕಿಬೀಳುತ್ತದೆ. ಫೆರಾರಿ ತನ್ನ ಕ್ಲಾಸಿಕೆ ವಿಭಾಗದ ಮೂಲಕ ಹಳೆಯ ಕಾರುಗಳಿಗೆ ಪ್ರಮಾಣಪತ್ರ ನೀಡುತ್ತದೆ, ಶುಲ್ಕ ಪಡೆದು.

ಅದೇ ಜನರಲ್ ಮೋಟಾರ್ಸ್‌ನ ಷೆವರ್ಲೆ ವಿಭಾಗದಲ್ಲಿ ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಕಾರುಗಳ ಬಿಡಿ ದಾಖಲೆಗಳು ಉಳಿದಿಲ್ಲ. ಕೆನಡಾಕ್ಕೆ ಹೋದ ಕಾರುಗಳ ದಾಖಲೆ ಮಾತ್ರ ಅಲ್ಲಿನ ಶಾಖೆಯ ಕೃಪೆಯಿಂದ ಉಳಿದಿದೆ. 1970ರಲ್ಲಿ ಎಲ್‌ಎಸ್6 ಎಂಜಿನ್ 4,475 ಕಾರುಗಳಿಗೆ ಹೋಯಿತೆಂದು ಗೊತ್ತು. ಅವುಗಳಲ್ಲಿ ಕನ್ವರ್ಟಿಬಲ್ ಎಷ್ಟೆಂಬ ವಿಂಗಡಣೆ ಕಂಪನಿಯ ಲೆಕ್ಕದಲ್ಲೇ ಇಲ್ಲ. ಒಟ್ಟು ಎಷ್ಟೆಂದೇ ತಿಳಿಯದ ಗುಂಪಿಗೆ ಇನ್ನೊಂದನ್ನು ಸೇರಿಸುವುದು ಎಷ್ಟು ಸುಲಭವೆಂದು ಬೇರೆ ಹೇಳಬೇಕಿಲ್ಲ.

ಕ್ರೈಸ್ಲರ್‌ನ ಸ್ಥಿತಿ ಇನ್ನೂ ವಿಪರೀತ. ಬಿಡಿ ಕಾರುಗಳ ದಾಖಲೆ ಅಲ್ಲಿ 1967ರವರೆಗೆ ಮಾತ್ರ ಸಿಗುತ್ತದೆ. ಅಂದರೆ ಹತ್ತಾರು ಕೋಟಿ ಬೆಲೆಯ ಹೆಮಿ ಕುಡಾಗೆ ಕಂಪನಿಯಿಂದ ಸಾಕ್ಷಿ ಹೇಳುವವರಿಲ್ಲ. ಉಳಿದಿರುವ ಆಧಾರ 'ಬ್ರಾಡ್‌ಕಾಸ್ಟ್ ಷೀಟ್': ಜೋಡಣೆಯ ಸಾಲಿನ ಕಾರ್ಮಿಕರಿಗೆ ಯಾವ ಭಾಗ ಕೂಡಿಸಬೇಕೆಂದು ತಿಳಿಸುತ್ತಿದ್ದ ಒಂದು ಹಾಳೆ. ಕೆಲಸ ಮುಗಿದ ಮೇಲೆ ಕಾರ್ಮಿಕರು ಅದನ್ನು ಹಿಂದಿನ ಆಸನದ ಸ್ಪ್ರಿಂಗುಗಳ ನಡುವೆ, ಜಮಖಾನೆಯ ಕೆಳಗೆ ಬಿಟ್ಟುಬಿಡುತ್ತಿದ್ದರು. ಕಸವೆಂದು ಉಳಿದ ಹಾಳೆ ಈಗ ಕಾರಿನ ಜನ್ಮಪತ್ರ. ಇಲಿ ತಿಂದ, ಎಣ್ಣೆ ಹಿಡಿದ ಹಾಳೆಯೊಂದು ಸಿಕ್ಕರೆ ಬೆಲೆ ಒಂದು, ಸಿಗದಿದ್ದರೆ ಇನ್ನೊಂದು. ಹಾಳೆಯನ್ನೂ ನಕಲು ಮಾಡುವವರಿದ್ದಾರೆ. ಎಂಜಿನ್ ಕೋಣೆಯಲ್ಲಿ ತಿರುಪು ಹಾಕಿ ಕೂಡಿಸುವ ಲೋಹದ ಚೀಟಿಯನ್ನಂತೂ 'ಪುನರುತ್ಪಾದಿತ' ಎಂಬ ಹೆಸರಿನಲ್ಲಿ ಬಹಿರಂಗವಾಗಿಯೇ ಮಾಡಿಕೊಡುತ್ತಾರೆ.

ಹರಾಜು ಸಂಸ್ಥೆಗಳ ಪಾತ್ರವೂ ಇಲ್ಲಿ ಪ್ರಶ್ನಾರ್ಹ. ಕಾರನ್ನು ಇದ್ದ ಸ್ಥಿತಿಯಲ್ಲಿ ಮಾರುವುದು ಅವುಗಳ ಸಾಮಾನ್ಯ ಷರತ್ತು. 'ಟ್ರಿಬ್ಯೂಟ್' ಎಂದು ಬರೆದಿದ್ದರೆ ಅದು ಪ್ರಾಮಾಣಿಕವಾಗಿ ಒಪ್ಪಿಕೊಂಡ ನಕಲು. 'ಎಂದು ನಂಬಲಾಗಿದೆ' ಎಂಬ ಒಕ್ಕಣೆ ಇದ್ದರೆ ಓದುವವನು ಅಲ್ಲಿ ನಿಲ್ಲಬೇಕು, ಏಕೆಂದರೆ ನಂಬಿದವರು ಯಾರೆಂದು ಆ ವಾಕ್ಯ ಹೇಳುವುದಿಲ್ಲ.

ಕಾನೂನಿನ ಕೊಡಲಿ

ಗುರುತಿನ ಸಂಖ್ಯೆಯನ್ನು ತಿದ್ದುವುದು, ಕಿತ್ತು ಬೇರೆಡೆ ಕೂಡಿಸುವುದು ಅಮೆರಿಕದ ಒಕ್ಕೂಟ ಕಾನೂನಿನಡಿ ಅಪರಾಧ. ಆದರೆ ಕಳ್ಳ ಕಾರುಗಳನ್ನು ಹಿಡಿಯಲು ರೂಪಿಸಿದ ಕಾನೂನುಗಳು ಹಳೆಯ ಕಾರುಗಳ ಮುಂದೆ ಎಡವುತ್ತವೆ. ಕಾನ್ಸಸ್ ರಾಜ್ಯದ ನಿವಾಸಿಯೊಬ್ಬರು 2016ರಲ್ಲಿ 1959ರ ಕಾರ್ವೆಟ್ ಒಂದನ್ನು ಸುಮಾರು 50 ಸಾವಿರ ಡಾಲರ್‌ಗೆ ಕೊಂಡರು. ನೋಂದಣಿಯ ತಪಾಸಣೆಯಲ್ಲಿ ಸಂಖ್ಯಾ ಫಲಕವನ್ನು ಹಿಂದೆ ಯಾವಾಗಲೋ ಬಿಚ್ಚಿ ಮತ್ತೆ ಕೂಡಿಸಿರುವುದು ಕಂಡುಬಂದು ಪೊಲೀಸರು ಕಾರನ್ನು ವಶಪಡಿಸಿಕೊಂಡರು. ಕೊಂಡವರ ತಪ್ಪೇನೂ ಇರಲಿಲ್ಲ. ದುರಸ್ತಿಯ ವೇಳೆ ಬಣ್ಣ ಬಳಿಯಲು ಫಲಕ ತೆಗೆಯುವುದು ಸಾಮಾನ್ಯ. ಆದರೂ ಆಗಿನ ರಾಜ್ಯ ಕಾನೂನಿನಂತೆ ಕಾರನ್ನು ನಾಶಪಡಿಸಬೇಕಿತ್ತು. ವರ್ಷಗಟ್ಟಲೆ ವ್ಯಾಜ್ಯ ನಡೆದು, 2022ರಲ್ಲಿ ಶಾಸನಸಭೆ ಪುರಾತನ ಕಾರುಗಳಿಗೆ ವಿನಾಯಿತಿ ನೀಡಿ ಕಾನೂನು ತಿದ್ದಿದ ಬಳಿಕವೇ ಅದು ಒಡೆಯರ ಕೈ ಸೇರಿತು.

ಹದಿನೇಳು ಅಕ್ಷರಗಳ ಏಕರೂಪದ ಗುರುತಿನ ಸಂಖ್ಯೆ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದೆ ಪ್ರತಿ ಕಂಪನಿಗೂ ತನ್ನದೇ ಲಿಪಿ. ಕಾರಿನ ಪೂರ್ವೇತಿಹಾಸ ತಿಳಿಸುವ ಇಂದಿನ ಗಣಕೀಕೃತ ಸೇವೆಗಳು ಮಸಲ್ ಕಾರುಗಳ ವಿಷಯದಲ್ಲಿ ಬಹುತೇಕ ಮೌನ ವಹಿಸುವುದು ಇದೇ ಕಾರಣಕ್ಕೆ.

ಬೆಂಗಳೂರಿಗೆ ಬಂದರೆ

ಇದೆಲ್ಲ ದೂರದ ಶ್ರೀಮಂತರ ಚಿಂತೆ ಎಂದು ಕೆಲ ವರ್ಷಗಳ ಹಿಂದೆ ಪಕ್ಕಕ್ಕಿಡಬಹುದಿತ್ತು. 1950ಕ್ಕಿಂತ ಹಿಂದೆ ತಯಾರಾದ ಕಾರುಗಳಿಗಷ್ಟೇ ಭಾರತಕ್ಕೆ ಸಲೀಸಾಗಿ ಬರಲು ಅವಕಾಶವಿತ್ತು. ಮಸಲ್ ಕಾರುಗಳ ಇಡೀ ಯುಗ ಅದರ ಹೊರಗಿತ್ತು. 2025ರಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಈ ಮಿತಿಯನ್ನು ಸಡಿಲಿಸಿ, ಐವತ್ತು ವರ್ಷ ದಾಟಿದ ವಾಹನಗಳಿಗೆ ದಾರಿ ತೆರೆಯಿತು. 1971ರ ಕುಡಾ, 1967ರ ಕಾರ್ವೆಟ್, ಡೇಟೋನಾ, ಇ-ಟೈಪ್ ಎಲ್ಲವೂ ಈಗ ಆ ವಯಸ್ಸು ದಾಟಿವೆ.

ಬಂದ ಕಾರನ್ನು ನೋಂದಾಯಿಸುವ ನಿಯಮ 2021ರದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಆ ವರ್ಷ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿತು. ನೋಂದಣಿ ಶುಲ್ಕ 20 ಸಾವಿರ ರೂಪಾಯಿ, ಅವಧಿ ಹತ್ತು ವರ್ಷ. ರಾಜ್ಯದ ಸಂಕೇತದ ಮುಂದೆ 'ವಿಎ' ಅಕ್ಷರಗಳು ಬರುತ್ತವೆ. ಕರ್ನಾಟಕದಲ್ಲಾದರೆ 'ಕೆಎ ವಿಎ'. ಇಲ್ಲಿ ಮುಖ್ಯವಾದದ್ದು ವ್ಯಾಖ್ಯಾನ: ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿಸಿಕೊಂಡು ಬಂದ, ಗಣನೀಯ ಮಾರ್ಪಾಡಿಗೆ ಒಳಗಾಗಿರದ ವಾಹನವಷ್ಟೇ ವಿಂಟೇಜ್. ಚಾವಣಿ ಕತ್ತರಿಸಿದ ಕೂಪೆ ಈ ಮಾತಿನ ಮುಂದೆ ನಿಲ್ಲಲಾರದು. ಅಮೆರಿಕದಲ್ಲಿ ನಕಲಿಯನ್ನು ಕೊಂಡವನು ಕಳೆದುಕೊಳ್ಳುವುದು ಬೆಲೆಯ ವ್ಯತ್ಯಾಸವನ್ನು. ಇಲ್ಲಿ ನೋಂದಣಿಯ ಅರ್ಹತೆಯೇ ಪ್ರಶ್ನೆಗೊಳಗಾಗಬಹುದು.

ಆದರೆ 13667 ಎಂದರೆ ಮಾಲಿಬು, ಅದರಲ್ಲಿ ಎಸ್‌ಎಸ್ ಗುರುತಿಲ್ಲ ಎಂಬಂಥ ವಿವರ ಸಾರಿಗೆ ಕಚೇರಿಯ ಮೇಜಿನ ಮೇಲೆ ಸಹಜವಾಗಿ ಇರುವ ಜ್ಞಾನವಲ್ಲ. ಆದ್ದರಿಂದ ಪರೀಕ್ಷೆ ಹಡಗು ಹೊರಡುವ ಮುನ್ನ ಆಗಬೇಕು. ಡ್ಯಾಶ್‌ಬೋರ್ಡ್ ಫಲಕದ ಚಿತ್ರವನ್ನು ಯಾವ ಮಾರಾಟಗಾರನೂ ಕಳುಹಿಸುತ್ತಾನೆ. ಕೇಳಬೇಕಾದದ್ದು ಕಾರನ್ನು ಮೇಲೆತ್ತಿ ತೆಗೆದ ತಳದ ಚಿತ್ರ, ಬಾಗಿಲ ಕೆಳಗಿನ ಅಡ್ಡತೊಲೆಯ ಬೆಸುಗೆ, ದೇಹದ ಮೇಲಿನ ಗುಪ್ತ ಸಂಖ್ಯೆ, ಮತ್ತು ಫೋರ್ಡ್ ಅಥವಾ ಪಾಂಟಿಯಾಕ್ ಆಗಿದ್ದರೆ ಕೊಳ್ಳುವವನೇ ನೇರವಾಗಿ ತರಿಸಿಕೊಂಡ ವರದಿ. ಷೆವರ್ಲೆ, ಕ್ರೈಸ್ಲರ್ ಆಗಿದ್ದರೆ ಸ್ಥಳಕ್ಕೆ ಹೋಗಿ ನೋಡುವ, ಮಾರಾಟಗಾರನಿಗೆ ಸಂಬಂಧಿಸದ ಪರಿಣತನೊಬ್ಬನ ಖರ್ಚನ್ನು ಬೆಲೆಯ ಭಾಗವೆಂದೇ ಎಣಿಸಬೇಕಾಗುತ್ತದೆ. ಕಾರಿನ ಬೆಲೆಯ ಮೇಲೆ ಲೆಕ್ಕ ಹಾಕುವ ಆಮದು ಸುಂಕವನ್ನು ಒಮ್ಮೆ ತುಂಬಿದ ಮೇಲೆ, 27ರ ಜಾಗದಲ್ಲಿ 23 ಇತ್ತೆಂದು ಹೇಳಿ ಮರಳಿ ಪಡೆಯಲು ಹೋಗುವುದು ಇನ್ನೊಂದು ವ್ಯಾಜ್ಯದ ಆರಂಭ.